ಮಳೆನೀರು, ಕೃಷಿ ಹೊಂಡ, ಊರ ಕೆರೆ: ಬಯಲುಸೀಮೆಯ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಪೂರ್ವ ಭಾಗ, ಚಿತ್ರದುರ್ಗ. ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಆಸುಪಾಸಿನಲ್ಲೇ ಹುಟ್ಟಿದರೂ ನಮಗೆ ಸಿಗುವುದು ಅವುಗಳ ಮರಳು ಮಾತ್ರ. ನಮ್ಮ ಹಿರಿಯರು ಬದುಕಿದ್ದು ಮಳೆಯನ್ನು ಕೆರೆಯಲ್ಲಿ ಹಿಡಿದು. ನಾವು ಒಂದೆರಡು ತಲೆಮಾರಿನಲ್ಲಿ ಕೊಳವೆಬಾವಿಯನ್ನು ನಂಬಿ ಆ ವಿದ್ಯೆಯನ್ನು ಮರೆತೆವು. ಊರೂರು ಸುತ್ತುವಾಗ ರೈತರು, ಸ್ವಸಹಾಯ ಸಂಘದ ಅಕ್ಕಂದಿರು, ಪಂಚಾಯಿತಿ ಸದಸ್ಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ನಮ್ಮ ಕಡೆ ಮಳೆಯೇ ಇಲ್ಲ. ಇಲ್ಲದ ಮಳೆಯನ್ನು ಹಿಡಿಯುವುದು ಹೇಗೆ?

ಮೊದಲು ಒಂದು ಲೆಕ್ಕ ಹಾಕೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ 4,047 ಚದರ ಮೀಟರ್. ಕೋಲಾರದ ಕಡೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯಾಗುತ್ತದೆ. ಹಾಗಾದರೆ ಒಂದು ಎಕರೆಯ ಮೇಲೆ ಬೀಳುವುದು 28 ಲಕ್ಷ ಲೀಟರಿಗೂ ಹೆಚ್ಚು. ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ 560 ಟ್ಯಾಂಕರ್ ನೀರು! ಬೇಸಿಗೆಯಲ್ಲಿ ಒಂದು ಟ್ಯಾಂಕರಿಗಾಗಿ ಬಿಂದಿಗೆಗಳನ್ನು ಸಾಲಾಗಿ ಇಟ್ಟು ಕಾಯುವ ಊರಿನಲ್ಲೇ ಇಷ್ಟು ನೀರು ಆಕಾಶದಿಂದ ಬಿದ್ದು ಹೋಗಿರುತ್ತದೆ.

ತೊಂದರೆ ಇರುವುದು ಮಳೆ ಬರುವ ರೀತಿಯಲ್ಲಿ. ವರ್ಷದಲ್ಲಿ ನಿಜವಾದ ಮಳೆಯ ದಿನಗಳು ಐವತ್ತನ್ನು ದಾಟುವುದು ಅಪರೂಪ. ಅವುಗಳಲ್ಲೂ ನೀರು ನೆಲದ ಮೇಲೆ ಹರಿಯುವಂತೆ ಹೊಡೆಯುವ ಮಳೆ ಬೆರಳೆಣಿಕೆಯಷ್ಟು. ನಮ್ಮ ಪೂರ್ವದ ತಾಲ್ಲೂಕುಗಳಲ್ಲಿ ಜೋರು ಮಳೆ ಬರುವುದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆ ಎಂಟು ಹತ್ತು ಮಳೆಗೆ ನಾವು ಸಿದ್ಧರಾಗಿರಬೇಕು.

ಎಲ್ಲಿಂದ ಆರಂಭಿಸಬೇಕು? ಹೊಂಡ ತೋಡಿಬಿಡಲೇ?

ಬೇಡ. ಹೊಂಡ ಕೊನೆಯ ಕೆಲಸ. ಮೊದಲು ಬದು. ಇಳಿಜಾರಿಗೆ ಅಡ್ಡವಾಗಿ ಉಳುಮೆ, ಅಡ್ಡವಾಗಿ ಬಿತ್ತನೆ, ಗಟ್ಟಿಯಾದ ಬದು, ಬದುವಿನ ಮೇಲೆ ಹುಲ್ಲು. ಇಷ್ಟು ಮಾಡಿದರೆ ಸಾಧಾರಣ ಮಳೆಯೆಲ್ಲ ಬಿದ್ದಲ್ಲೇ ಇಂಗುತ್ತದೆ. ಮಣ್ಣಿನಷ್ಟು ದೊಡ್ಡ ನೀರಿನ ತೊಟ್ಟಿಯನ್ನು ಯಾವ ಜೆಸಿಬಿಯೂ ತೋಡಲಾರದು. ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಸೇರಿದಷ್ಟೂ ಆ ತೊಟ್ಟಿ ದೊಡ್ಡದಾಗುತ್ತದೆ. ಬದು ಹಿಡಿಯಲಾರದೆ ಮಿಕ್ಕು ಹರಿಯುವ ನೀರಿಗೆ ಹೊಂಡ. ಹೊಂಡದಿಂದ ಮಿಕ್ಕಿದ್ದು ಊರ ಕೆರೆಗೆ.

ನಾನು ಎಲ್ಲರಿಗೂ ಹೇಳುವ ಮಾತೊಂದಿದೆ. ಹೊಂಡದ ಜಾಗ ಗುರುತಿಸುವ ಮೊದಲು ಒಂದು ದೊಡ್ಡ ಮಳೆ ಬೀಳುವಾಗ, ಸಿಡಿಲಿನ ಅಬ್ಬರ ಅಡಗಿದ ಮೇಲೆ, ಗೋಣಿಚೀಲದ ಕೊಪ್ಪೆ ಹೊದ್ದುಕೊಂಡು ಹೊಲಕ್ಕೆ ಹೋಗಿ ನಿಲ್ಲಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ತಿರುಗುತ್ತದೆ, ಯಾವ ಮೂಲೆಯಲ್ಲಿ ಬದು ಒಡೆದು ಹೊರಗೆ ಹೋಗುತ್ತದೆ ಎಂದು ನೋಡಿ ಅಲ್ಲಲ್ಲಿ ಗೂಟ ಹೊಡೆಯಿರಿ. ಬಿಸಿಲಲ್ಲಿ ಸಪಾಟಾಗಿ ಕಾಣುವ ಹೊಲ ಮಳೆಯಲ್ಲಿ ಬೇರೆಯೇ ಆಗಿ ಕಾಣುತ್ತದೆ. ಆ ಗೂಟಗಳ ಸಾಲೇ ನಿಮ್ಮ ಹೊಲದ ನೀರಿನ ನಕ್ಷೆ.

ಹೊಂಡಕ್ಕೆ ಸರಿಯಾದ ಜಾಗ ಯಾವುದು?

ನೀರು ತಾನಾಗಿ ಬಂದು ಸೇರುವ ತಗ್ಗು. ಆದರೆ ಹಳ್ಳದ ನಡುವೆ ಬೇಡ. ಹಳ್ಳದಲ್ಲಿ ತೋಡಿದ ಹೊಂಡ ಮೊದಲ ಪ್ರವಾಹಕ್ಕೇ ಹೂಳಿನಿಂದ ತುಂಬುತ್ತದೆ, ಮೇಲಾಗಿ ಅದು ಊರಿನ ನೀರಿನ ದಾರಿ. ನಿಮ್ಮ ಗಡಿಯಿಂದ ಸ್ವಲ್ಪ ಒಳಗಿರಲಿ, ಪಕ್ಕದ ಹೊಲದವರಿಗೆ ತೇವ ಏರದಿರಲಿ. ವಿದ್ಯುತ್ ತಂತಿಯ ಕೆಳಗೆ ಬೇಡ.

ಎಷ್ಟು ದೊಡ್ಡದು ತೋಡಬೇಕು?

ಇಲ್ಲಿ ಎಲ್ಲರೂ ಎಡವುತ್ತಾರೆ. ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುತ್ತಾರೆ. ಹೊಂಡದ ಅಳತೆಯನ್ನು ತೀರ್ಮಾನಿಸಬೇಕಾದದ್ದು ಅದಕ್ಕೆ ಹರಿದುಬರುವ ನೀರು.

ಕೆಂಪು ಮಣ್ಣಿನ ಹೊಲದಲ್ಲಿ ಬದು ಇದ್ದರೆ ಬಿದ್ದ ಮಳೆಯ ಹತ್ತರಲ್ಲೊಂದು ಪಾಲು ಹರಿದುಬರುತ್ತದೆ ಎಂದಿಟ್ಟುಕೊಳ್ಳಿ. 650 ಮಿಲಿಮೀಟರ್ ಮಳೆಯಲ್ಲಿ 65 ಮಿಲಿಮೀಟರ್, ಅಂದರೆ ಎಕರೆಗೆ ಸುಮಾರು 2.6 ಲಕ್ಷ ಲೀಟರ್. ಇನ್ನು ಹೊಂಡದ ಕಡೆ ನೋಡಿ. ಮೇಲ್ಭಾಗ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ ಎಂದಾಗ ಮೂರು ನೂರು ಘನ ಮೀಟರ್ ಎಂದು ಬಾಯಿಲೆಕ್ಕ ಹಾಕುತ್ತೇವೆ. ಆದರೆ ದಡ ಕುಸಿಯದಿರಲು ನಾಲ್ಕೂ ಕಡೆ ಓರೆಯಾಗಿ ತೋಡಬೇಕು. ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಓರೆ ಕೊಟ್ಟರೆ ತಳದಲ್ಲಿ ಉಳಿಯುವುದು 4 ಮೀಟರ್ ಚೌಕ. ಅದರಲ್ಲಿ ಹಿಡಿಯುವುದು 1.56 ಲಕ್ಷ ಲೀಟರ್ ಮಾತ್ರ. ಇದೇ ಲೆಕ್ಕದಲ್ಲಿ 15 ಮೀಟರ್ ಚೌಕದ ಹೊಂಡ 4.4 ಲಕ್ಷ, 21 ಮೀಟರ್ ಚೌಕದ್ದು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಎರಡು ಎಕರೆ ಹೊಲದವರಿಗೆ 15 ಮೀಟರಿನದು ಧಾರಾಳ. ಅವರು 21 ಮೀಟರಿನದು ತೋಡಿಸಿದರೆ ಅರ್ಧ ಖಾಲಿ ಹೊಂಡವನ್ನು ನೋಡುತ್ತಾ ಕೂರಬೇಕಾಗುತ್ತದೆ, ಕಳೆದುಕೊಂಡ ನೆಲವೂ ಹೆಚ್ಚು.

ಎರೆ ಮಣ್ಣಿನಲ್ಲಿ ಓರೆ ಇನ್ನೂ ಹೆಚ್ಚು ಬೇಕು, ಮೀಟರಿಗೆ ಒಂದೂವರೆ. ತೋಡಿದ ಮಣ್ಣನ್ನು ಹೊಂಡದ ಬಾಯಿಗೇ ಸುರಿಯಬೇಡಿ. ಕನಿಷ್ಠ ಒಂದು ಮೀಟರ್ ಬಿಟ್ಟು ಸುತ್ತ ಏರಿಯಂತೆ ಹಾಕಿ, ತುಳಿದು ಗಟ್ಟಿ ಮಾಡಿ.

ಅಷ್ಟು ನೀರಿನಿಂದ ಏನು ಬೆಳೆಯಬಹುದು?

ಹೊಂಡದ ನೀರು ಬೆಳೆಯನ್ನು ಬದುಕಿಸುವ ನೀರು. ಅದನ್ನು ನಂಬಿ ಬತ್ತ ನಾಟಿ ಮಾಡಬಾರದು. ಜುಲೈನಲ್ಲಿ ಬಿತ್ತಿದ ರಾಗಿ ತೆನೆ ಕಟ್ಟುವ ಹೊತ್ತಿಗೆ ಹದಿನೈದು ಇಪ್ಪತ್ತು ದಿನ ಮಳೆ ಕೈಕೊಡುತ್ತದೆ, ಇದು ನಮಗೆಲ್ಲ ಗೊತ್ತಿರುವ ಸಂಕಟ. ಆಗ ತುಂತುರು ನೀರಾವರಿಯಲ್ಲಿ 25 ಮಿಲಿಮೀಟರಿನಷ್ಟು ನೀರು ಕೊಟ್ಟರೆ ಎಕರೆಗೆ ಒಂದು ಲಕ್ಷ ಲೀಟರ್ ಸಾಕು. ಕಾಲುವೆಯಲ್ಲಿ ಹಾಯಿಸಿದರೆ ಅದರ ಎರಡರಷ್ಟೂ ಸಾಲದು. ಆ ಒಂದು ನೀರು ಪೈರನ್ನು ಉಳಿಸುತ್ತದೆ. ಬಾಡಿ ನೇತಾಡುತ್ತಿದ್ದ ರಾಗಿ ಗರಿ ಮಾರನೆಯ ಬೆಳಗ್ಗೆ ನೆಟ್ಟಗೆ ನಿಂತಿದ್ದನ್ನು ಕಂಡವರು ಮತ್ತೆ ಹೊಂಡ ಬೇಕೇ ಬೇಡವೇ ಎಂದು ಕೇಳುವುದಿಲ್ಲ.

ಮಿಕ್ಕ ನೀರಿನಲ್ಲಿ ಏರಿಯ ಮೇಲೆ ನುಗ್ಗೆ, ಕರಿಬೇವು, ತೊಗರಿ, ಮೇವಿನ ಹುಲ್ಲು ಬೆಳೆಸಬಹುದು. ಆರು ತಿಂಗಳಾದರೂ ನೀರು ನಿಲ್ಲುವುದಾದರೆ ಕಾಟ್ಲಾ, ರೋಹು ಮೀನಿನ ಮರಿ ಬಿಡಬಹುದು.

ಪ್ಲಾಸ್ಟಿಕ್ ಹಾಳೆ ಹಾಸಬೇಕೇ?

ಎರೆ ಮಣ್ಣಿಗೆ ಬೇಕಾಗಿಲ್ಲ, ಅದು ತಾನೇ ನೀರು ಹಿಡಿಯುತ್ತದೆ. ಕೆಂಪು, ಮರಳು ಮಿಶ್ರಿತ ಮಣ್ಣಿನಲ್ಲಿ ಹಾಳೆ ಇಲ್ಲದಿದ್ದರೆ ನೀರು ದಿನದಿಂದ ದಿನಕ್ಕೆ ಇಳಿಯುತ್ತದೆ. ಇಲ್ಲಿ ನಿಮ್ಮ ಉದ್ದೇಶ ಏನು ಎಂಬುದೇ ಮುಖ್ಯ. ಬೆಳೆಗೆ ನೀರು ಇಟ್ಟುಕೊಳ್ಳಬೇಕಾದರೆ 500 ಮೈಕ್ರಾನ್ ದಪ್ಪದ ಹಾಳೆ ಹಾಸಿ. ಕೆಳಗಿನ ಬಾವಿ, ಕೊಳವೆಬಾವಿಗೆ ಅಂತರ್ಜಲ ತುಂಬಬೇಕಾದರೆ ಹಾಗೇ ಬಿಡಿ. ಹಾಳೆ ಇಲ್ಲದ ಹೊಂಡದಲ್ಲಿ ಇಳಿದ ನೀರನ್ನು ನಷ್ಟ ಎಂದುಕೊಳ್ಳಬೇಡಿ. ಹಾಸುವುದಾದರೆ ಕಲ್ಲು, ಬೇರು ಒಂದೂ ಉಳಿಯದಂತೆ ತೆಗೆದು, ಅಂಚನ್ನು ಸುತ್ತ ಕಾಲುವೆ ತೆಗೆದು ಹೂಳಿ. ದನಕರು ಇಳಿದರೆ ಗೊರಸಿಗೆ ಹರಿಯುತ್ತದೆ, ಆದ್ದರಿಂದ ಅವುಗಳ ನೀರಿಗೆ ಹೊರಗೆ ಬೇರೆ ತೊಟ್ಟಿ ಇಡಿ.

ಹೂಳುಗುಂಡಿ, ಕೋಡಿ ಇವೆಲ್ಲ ಸಣ್ಣ ಹೊಂಡಕ್ಕೂ ಬೇಕೇ?

ಬೇಕು, ಬೇಕೇ ಬೇಕು. ಈ ಪಾಠವನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ನಮ್ಮ ಹೊಲದಲ್ಲಿ ಮೊದಲ ಹೊಂಡ ತೋಡಿಸಿದಾಗ ನೀರು ಬರುವ ದಾರಿಯನ್ನು ಮಾತ್ರ ಯೋಚಿಸಿದ್ದೆವು, ಹೋಗುವ ದಾರಿಯನ್ನಲ್ಲ. ಚಿತ್ತೆ ಮಳೆಯ ಒಂದು ರಾತ್ರಿ ಹೊಂಡ ತುಂಬಿತು. ಲಾಟೀನು ಹಿಡಿದು ಹೋಗಿ ನೋಡಿ ಹಿಗ್ಗಿಕೊಂಡು ಬಂದು ಮಲಗಿದೆವು. ಬೆಳಗಾಗುವಷ್ಟರಲ್ಲಿ ನೀರು ಏರಿಯ ತಗ್ಗಾದ ಕಡೆ ಹತ್ತಿ, ಕೊರೆದು, ಎರಡಾಳು ಅಗಲ ಕಿತ್ತುಕೊಂಡು ಹೋಗಿತ್ತು. ಕೆಳಗಿನ ಮಡಿಯಲ್ಲಿ ತೆನೆ ತುಂಬಿದ್ದ ರಾಗಿ ಕೆಸರಿನಡಿ ಮಲಗಿತ್ತು. ಅಪ್ಪ ಒಂದು ತೆನೆಯನ್ನು ಎತ್ತಿ ಪಂಚೆಯ ತುದಿಯಿಂದ ಒರೆಸಿದರು. ಏನೂ ಮಾತನಾಡಲಿಲ್ಲ.

ಆಮೇಲೆ ಕಟ್ಟಿದ ಕ್ರಮ ಹೀಗಿದೆ. ನೀರು ಹೊಂಡಕ್ಕೆ ಬೀಳುವ ಮೊದಲು ಎರಡು ಮೀಟರ್ ಚೌಕ, ಒಂದು ಮೀಟರ್ ಆಳದ ಹೂಳುಗುಂಡಿ. ಮಣ್ಣು ಅಲ್ಲಿ ಕೂತು ತಿಳಿನೀರು ಮುಂದೆ ಹೋಗುತ್ತದೆ. ಪ್ರತಿ ದೊಡ್ಡ ಮಳೆಯ ನಂತರ ಅದನ್ನು ಬಾಚಿ ಹೊಲಕ್ಕೇ ಹಾಕುತ್ತೇವೆ, ನಮ್ಮ ಮೇಲ್ಮಣ್ಣು ತಾನೇ ಅದು. ಹೊಂಡಕ್ಕೆ ನೀರು ಇಳಿಯುವ ಓರೆಗೆ ಕಲ್ಲುಹಾಸು. ಇನ್ನೊಂದು ಕಡೆ ಏರಿಗಿಂತ ಒಂದೂವರೆ ಅಡಿ ಕೆಳಗೆ, ಒಳಹರಿವಿನಷ್ಟೇ ಅಗಲದ ಕೋಡಿ. ಅದಕ್ಕೂ ಕಲ್ಲುಹಾಸು, ಆಚೆ ಹುಲ್ಲು ಬೆಳೆದ ಕಾಲುವೆ. ಕೋಡಿಯ ನೀರು ಪಕ್ಕದವರ ಬೆಳೆಯ ಮೇಲೆ ಬೀಳದೆ ಹಳ್ಳ ಸೇರಬೇಕು.

ನೀರು ಆವಿಯಾಗುವುದನ್ನು ತಡೆಯಬಹುದೇ?

ಪೂರ್ತಿ ತಡೆಯಲಾಗದು. ದಿನಕ್ಕೆ 5 ಮಿಲಿಮೀಟರ್ ಎಂದಿಟ್ಟುಕೊಂಡರೂ ತಿಂಗಳಿಗೆ 15 ಸೆಂಟಿಮೀಟರ್ ಇಳಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. 21 ಮೀಟರ್ ಚೌಕದ ತುಂಬಿದ ಹೊಂಡದಿಂದ ದಿನಕ್ಕೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಸುಮ್ಮನೆ ಹೋಗುತ್ತದೆ. ಆಳ ಹೆಚ್ಚು, ಬಾಯಿ ಚಿಕ್ಕದು ಇದ್ದಷ್ಟೂ ನಷ್ಟ ಕಡಿಮೆ. ಗಾಳಿ ಬೀಸುವ ಕಡೆ ಗ್ಲಿರಿಸಿಡಿಯಾ (ಗೊಬ್ಬರದ ಗಿಡ) ಸಾಲು ನೆಟ್ಟರೆ ಅನುಕೂಲ. ನೀರನ್ನು ಮೇ ತಿಂಗಳವರೆಗೆ ಕೂಡಿಡುವುದಕ್ಕಿಂತ ಬೆಳೆಗೆ ಬೇಕಾದಾಗಲೇ ಕೊಟ್ಟುಬಿಡುವುದು ಜಾಣತನ.

ಕೊಳವೆಬಾವಿಯಿಂದ ಹೊಂಡ ತುಂಬಿಸಿಕೊಳ್ಳಬಹುದಲ್ಲ?

ಅನೇಕರು ಮಾಡುತ್ತಿದ್ದಾರೆ. ರಾತ್ರಿ ಕರೆಂಟ್ ಬಂದಾಗ ಎತ್ತಿ ಹೊಂಡಕ್ಕೆ ಬಿಡುತ್ತಾರೆ, ಹಗಲು ಹನಿ ನೀರಾವರಿಗೆ ಬಳಸುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಸಾವಿರ ಅಡಿ ಕೆಳಗಿಂದ ಎತ್ತಿದ ನೀರನ್ನು ಬಿಸಿಲಿಗೆ ಹರವಿ ಆವಿ ಮಾಡುವುದನ್ನು ಮಳೆನೀರು ಸಂಗ್ರಹ ಎಂದು ಕರೆಯಲಾಗದು. ಅದು ಹೊಂಡದ ಹೆಸರಿನಲ್ಲಿ ಅಂತರ್ಜಲವನ್ನು ಇನ್ನಷ್ಟು ಬೇಗ ಖಾಲಿ ಮಾಡುವ ದಾರಿ. ಅಂತಹ ಹೊಂಡ ಅನಿವಾರ್ಯವೇ ಆದರೆ ಒಂದೆರಡು ದಿನದ ಬಳಕೆಗೆ ಆಗುವಷ್ಟು ಸಣ್ಣದಿರಲಿ, ಮೇಲೆ ನೆರಳುಬಲೆ ಇರಲಿ.

ಹೊಂಡದ ಸುತ್ತ ಬೇಲಿ ಕಡ್ಡಾಯವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಹಾಳೆ ಹಾಸಿದ ಹೊಂಡದ ದಡ ಪಾಚಿ ಕಟ್ಟಿ ಎಣ್ಣೆ ಸವರಿದಂತೆ ಜಾರುತ್ತದೆ. ಈಜು ಬಲ್ಲವರೂ ಹತ್ತಿ ಬರಲಾರರು. ಚೆಂಡು ತೆಗೆಯಲು ಹೋದ ಮಕ್ಕಳು, ಅವರನ್ನು ಎತ್ತಲು ಇಳಿದ ತಾಯಂದಿರು ಮುಳುಗಿದ ಸುದ್ದಿ ಪ್ರತಿ ವರ್ಷ ನಮ್ಮ ಜಿಲ್ಲೆಗಳಿಂದ ಬರುತ್ತದೆ. ನೀರು ಬರುವ ಮೊದಲೇ ಬೇಲಿ ಆಗಬೇಕು, ಗೇಟಿಗೆ ಬೀಗ ಇರಬೇಕು. ಒಳಗೆ ನಾಲ್ಕೂ ದಡದಲ್ಲಿ ಗೂಟಕ್ಕೆ ಕಟ್ಟಿದ, ಗಂಟು ಹಾಕಿದ ದಪ್ಪ ಹಗ್ಗ ತಳದವರೆಗೆ ಇಳಿಬಿಟ್ಟಿರಬೇಕು. ಗಾಳಿ ತುಂಬಿದ ಟ್ಯೂಬು ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನುಗಳಿಗೆ ಹಗ್ಗ ಕಟ್ಟಿ ನೀರಿನ ಮೇಲೆ ತೇಲಿಬಿಡಿ. ಯಾರಾದರೂ ಬಿದ್ದರೆ ಹಗ್ಗವನ್ನೋ ಟ್ಯೂಬನ್ನೋ ಎಸೆಯಬೇಕು, ಹಿಂದೆಯೇ ಧುಮುಕಬಾರದು ಎಂದು ಮನೆಮಂದಿಗೆ ಹೇಳಿಕೊಡಿ. ಬೇಲಿಗೆ ದುಡ್ಡಿಲ್ಲದಿದ್ದರೆ ಹೊಂಡವನ್ನು ಒಂದು ವರ್ಷ ಮುಂದಕ್ಕೆ ಹಾಕಿ.

ಸರ್ಕಾರದ ಸಹಾಯ ಸಿಗುತ್ತದೆಯೇ?

ಕೃಷಿ ಭಾಗ್ಯ ಯೋಜನೆ 2014-15ರಲ್ಲಿ ಆರಂಭವಾಯಿತು. ಹೊಂಡ, ಹಾಳೆ, ಪಂಪು, ತುಂತುರು ಅಥವಾ ಹನಿ ನೀರಾವರಿ, ಬೇಲಿ ಇವನ್ನೆಲ್ಲ ಒಂದೇ ಗಂಟಾಗಿ ಕೊಡುವ ಕ್ರಮ ಅದರಲ್ಲಿದೆ. ಅನುದಾನ, ತಾಲ್ಲೂಕು, ಸಹಾಯಧನದ ಪ್ರಮಾಣ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಸಂಖ್ಯೆ (ರೈತರ ನೋಂದಣಿ ಸಂಖ್ಯೆ) ಸಿದ್ಧವಿರಲಿ. ಕಾರ್ಯಾದೇಶ ಕೈಗೆ ಬರುವ ಮೊದಲು ತೋಡಿಸಬೇಡಿ. ಬದು, ಇಂಗುಗುಂಡಿಯಂತಹ ಕೆಲಸಗಳಿಗೆ ಗ್ರಾಮ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲೇ ಅರ್ಜಿ ಕೊಡಿ.

ಮನೆಯ ಚಾವಣಿಯಿಂದ ಎಷ್ಟು ನೀರು ಸಿಗುತ್ತದೆ?

ಸಾವಿರ ಚದರ ಅಡಿಯ ಆರ್‌ಸಿಸಿ ಅಥವಾ ಹೆಂಚಿನ ಮನೆ ಎಂದರೆ 93 ಚದರ ಮೀಟರ್. 700 ಮಿಲಿಮೀಟರ್ ಮಳೆಯಲ್ಲಿ ಐದರಲ್ಲಿ ಒಂದು ಪಾಲು ನಷ್ಟ ಕಳೆದರೂ ವರ್ಷಕ್ಕೆ 52 ಸಾವಿರ ಲೀಟರ್. ಅಷ್ಟನ್ನೂ ಹಿಡಿಯುವ ತೊಟ್ಟಿ ಕಟ್ಟಬೇಕಾಗಿಲ್ಲ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ತಲೆಗೆ 8 ಲೀಟರ್ ಎಂದರೆ ದಿನಕ್ಕೆ 40. ಡಿಸೆಂಬರ್‌ನಿಂದ ಮೇವರೆಗೆ 180 ದಿನಕ್ಕೆ 7,200 ಲೀಟರ್. ಎಂಟು ಸಾವಿರ ಲೀಟರಿನ ಸಂಪು ಇದ್ದರೆ ಬೇಸಿಗೆ ದಾಟುತ್ತದೆ. ಮಿಕ್ಕದ್ದನ್ನು ಬಾವಿಗೋ ಇಂಗುಗುಂಡಿಗೋ ಬಿಡಿ.

ಆ ನೀರು ಕುಡಿಯಲು ಯೋಗ್ಯವೇ? ಮಳೆನೀರಿನಲ್ಲಿ ಸತ್ವ ಇರುವುದಿಲ್ಲ, ಮಂಡಿ ನೋವು ಬರುತ್ತದೆ ಎನ್ನುತ್ತಾರೆ.

ಮಂಡಿ ನೋವಿನ ಮಾತು ಬಂದದ್ದು ಒಳ್ಳೆಯದಾಯಿತು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚಿರುವ ನೀರು ಕುಡಿದರೆ ಮಕ್ಕಳ ಹಲ್ಲಿನಲ್ಲಿ ಹಳದಿ, ಕಂದು ಗೆರೆ ಮೂಡುತ್ತದೆ, ಮುಂದೆ ಕೀಲು, ಬೆನ್ನುಮೂಳೆ ಬಿಗಿಯುತ್ತವೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ಖನಿಜ ನಮಗೆ ರಾಗಿ, ಸೊಪ್ಪು, ಕಾಳು, ಹಾಲಿನಿಂದ ಸಿಗುತ್ತದೆ. ಆದ್ದರಿಂದ ಆ ಭಯ ಬೇಡ.

ಎಚ್ಚರ ಬೇಕಿರುವುದು ಚಾವಣಿಯ ಕೊಳೆಯ ಬಗ್ಗೆ. ಮಳೆಗಾಲಕ್ಕೆ ಮೊದಲು ಚಾವಣಿ ಗುಡಿಸಿ ತೊಳೆಯಿರಿ. ಪ್ರತಿ ಮಳೆಯ ಮೊದಲ ಒಂದೆರಡು ಮಿಲಿಮೀಟರ್ ನೀರು, ಅಂದರೆ ನೂರು ಇನ್ನೂರು ಲೀಟರ್, ಸಂಪಿಗೆ ಹೋಗದೆ ಹೊರಗೆ ಹರಿಯಬೇಕು. ಅದಕ್ಕೆ ಪೈಪಿನ ಬುಡದಲ್ಲಿ ಒಂದು ಮುಚ್ಚಳ ಸಾಕು. ನಂತರ ಸೋಸುವ ತೊಟ್ಟಿ: ಕೆಳಗೆ ಜೆಲ್ಲಿಕಲ್ಲು, ನಡುವೆ ಇದ್ದಿಲು, ಮೇಲೆ ತೊಳೆದ ಮರಳು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ಎ. ಆರ್. ಶಿವಕುಮಾರ್ ರೂಪಿಸಿದ ‘ಪಾಪ್‌ಅಪ್’ ಸೋಸುಕವೂ ಬಳಕೆಯಲ್ಲಿದೆ. ಸಂಪಿನೊಳಗೆ ಬೆಳಕು ಬೀಳಬಾರದು, ಗಾಳಿಕೊಳವೆಗೆ ಸೊಳ್ಳೆಬಲೆ ಇರಬೇಕು. ಬಿಂದಿಗೆ ಮುಳುಗಿಸದೆ ನಲ್ಲಿಯಿಂದಲೋ ಕೈಪಂಪಿನಿಂದಲೋ ತೆಗೆಯಿರಿ. ಕುಡಿಯುವ ನೀರನ್ನು ಕುದಿಸಿ. ಕಲ್ನಾರಿನ ಶೀಟು, ಬಣ್ಣ ಕಿತ್ತು ಬರುವ ಚಾವಣಿಯ ನೀರನ್ನು ಕುಡಿಯಲು ಇಡಬೇಡಿ.

ಬತ್ತಿದ ಕೊಳವೆಬಾವಿಗೆ ಮಳೆನೀರು ಇಂಗಿಸಬಹುದೇ?

ಇಂಗಿಸಬಹುದು. ನೀರು ಬರುವ ಕಡೆ, ಕೊಳವೆಯ ಸುತ್ತ ಹತ್ತು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಕೇಸಿಂಗ್ ಪೈಪಿಗೆ ರಂಧ್ರ ಕೊರೆದು ನೈಲಾನ್ ಬಲೆ ಸುತ್ತಿ, ಕೆಳಗಿಂದ ದಪ್ಪ ಕಲ್ಲು, ಜೆಲ್ಲಿ, ಮರಳು ತುಂಬುವ ವಿಧಾನ ಜನಪ್ರಿಯವಾಗಿದೆ. ನನ್ನ ಅಭಿಪ್ರಾಯ ಬೇರೆ. ಚಾವಣಿಯ ಸೋಸಿದ ನೀರಿಗೆ ಈ ವಿಧಾನ ಸರಿ. ಹೊಲದಿಂದ, ರಸ್ತೆಯಿಂದ ಹರಿದುಬಂದ ನೀರಿಗೆ ಸರಿಯಲ್ಲ. ಅದರಲ್ಲಿ ಗೊಬ್ಬರ, ಕೀಟನಾಶಕ, ಸಗಣಿ ಇರುತ್ತದೆ. ರಂಧ್ರದ ಮೂಲಕ ಅದು ನೇರವಾಗಿ ಬಂಡೆಯ ಬಿರುಕು ಸೇರಿದರೆ ಊರೆಲ್ಲ ಕುಡಿಯುವ ನೀರು ಕೆಡುತ್ತದೆ, ಅದನ್ನು ಮತ್ತೆ ತೊಳೆಯುವ ಉಪಾಯವಿಲ್ಲ. ಅಂತಹ ನೀರಿಗೆ ಕೇಸಿಂಗ್ ಮುಟ್ಟದೆ, ಹತ್ತಿಪ್ಪತ್ತು ಅಡಿ ದೂರದಲ್ಲಿ ಇಂಗುಗುಂಡಿ ಮಾಡಿ. ನಿಧಾನವಾದರೂ ಮಣ್ಣೇ ಸೋಸಿ ಕೊಡುತ್ತದೆ. ಹಳೆಯ ತೆರೆದ ಬಾವಿ ಇದ್ದರೆ ಅದನ್ನು ಕಸದ ಗುಂಡಿ ಮಾಡದೆ ಉಳಿಸಿಕೊಳ್ಳಿ. ನೀರು ಇಂಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಒಳ್ಳೆಯ ಮಳೆಯಾದರೂ ನಮ್ಮೂರ ಕೆರೆ ತುಂಬುತ್ತಿಲ್ಲ. ಯಾಕೆ?

ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ನಮ್ಮ ಸೀಮೆಯಲ್ಲಿ ಅವು ಬಿಡಿಬಿಡಿಯಾಗಿಲ್ಲ, ಸರಪಳಿಯಂತಿವೆ. ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಮುಂದಿನದಕ್ಕೆ. ಈ ಕೊಂಡಿಯೇ ರಾಜಕಾಲುವೆ. ಕೆರೆಯ ಅಂಗಳವನ್ನು ಎಷ್ಟು ಆಳ ಮಾಡಿದರೂ ಕಾಲುವೆ ಮುಚ್ಚಿದ್ದರೆ ನೀರು ಬರುವುದಿಲ್ಲ. ಆದರೂ ನಾವು ದುಡ್ಡು ಸುರಿಯುವುದು ಅಂಗಳಕ್ಕೆ, ಯಾಕೆಂದರೆ ಅಲ್ಲಿನ ಕೆಲಸ ಕಣ್ಣಿಗೆ ಕಾಣುತ್ತದೆ.

ಮಾಡಬೇಕಾದ್ದು ಇಷ್ಟು. ಗ್ರಾಮ ನಕ್ಷೆಯ ಪ್ರತಿ ತೆಗೆಸಿ. ಅದರಲ್ಲಿ ಕಾಲುವೆ, ಹಳ್ಳ, ಕೆರೆ ಎಲ್ಲವೂ ಗುರುತಾಗಿರುತ್ತವೆ. ಪಹಣಿಯಲ್ಲಿ ‘ಬ’ ಖರಾಬು ಎಂದಿರುವುದು ಸಾರ್ವಜನಿಕ ಜಾಗ. ನಕ್ಷೆ ಹಿಡಿದು, ಊರಿನ ಇಬ್ಬರು ಹಿರಿಯರನ್ನು ಜೊತೆಗೆ ಕರೆದುಕೊಂಡು ಕೆರೆಯಿಂದ ಮೇಲಕ್ಕೆ ಕಾಲುವೆಯ ಗುಂಟ ನಡೆಯಿರಿ. ಎಲ್ಲಿ ಉತ್ತು ಸೇರಿಸಿಕೊಂಡಿದ್ದಾರೆ, ಎಲ್ಲಿ ರಸ್ತೆಯ ಮೋರಿ ಎತ್ತರವಾಗಿ ಕೂತಿದೆ, ಎಲ್ಲಿ ಕಟ್ಟಡದ ಅವಶೇಷ ಸುರಿದಿದ್ದಾರೆ, ಎಲ್ಲ ಗೊತ್ತಾಗುತ್ತದೆ. ಒತ್ತುವರಿಗೆ ತಹಶೀಲ್ದಾರರಲ್ಲಿ ಅಳತೆಗೆ ಅರ್ಜಿ ಕೊಡಬೇಕು. ಆದರೆ ಅರ್ಜಿಗೆ ಮೊದಲು ಆ ರೈತನ ಜಗಲಿಯಲ್ಲಿ ಕೂತು ಮಾತನಾಡಿ. ಮಾತಿನಲ್ಲಿ ಬಿಟ್ಟುಕೊಟ್ಟ ಕಾಲುವೆ ಉಳಿಯುತ್ತದೆ. ಪೊಲೀಸರನ್ನು ನಿಲ್ಲಿಸಿ ಬಿಡಿಸಿದ್ದು ಎರಡು ವರ್ಷದಲ್ಲಿ ಮತ್ತೆ ಮುಚ್ಚಿಕೊಳ್ಳುವುದನ್ನು ಕಂಡಿದ್ದೇನೆ.

ಜಲಾನಯನದಲ್ಲಿರುವ ನೀಲಗಿರಿ ತೋಪು ಇನ್ನೊಂದು ಕಾರಣ. ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ತೋಪುಗಳು ಕಡಿದಷ್ಟೂ ಚಿಗುರುತ್ತಾ ಇವೆ, ಬೇರು ಸಹಿತ ತೆಗೆದು ಮಾವು, ಹುಣಸೆ, ನೇರಳೆ ಹಾಕುವುದು ಒಳ್ಳೆಯದು.

ಎಲ್ಲರೂ ಹೊಂಡ ತೋಡಿದರೆ ಕೆರೆಗೆ ಏನು ಉಳಿಯುತ್ತದೆ?

ನ್ಯಾಯವಾದ ಪ್ರಶ್ನೆ. ಮೇಲಿನ ಹೊಲಗಳಲ್ಲೆಲ್ಲ ಹಾಳೆ ಹಾಸಿದ ದೊಡ್ಡ ಹೊಂಡಗಳಾದರೆ ಸಾಧಾರಣ ವರ್ಷದಲ್ಲಿ ಕೆರೆಗೆ ಬರುವ ನೀರು ಖಂಡಿತ ಕಡಿಮೆಯಾಗುತ್ತದೆ. ಕೆರೆಯ ಅಚ್ಚುಕಟ್ಟಿನವರು, ಅಂದರೆ ಕೆರೆಯ ನೀರಿನಲ್ಲಿ ಗದ್ದೆ ಮಾಡುವವರು, ದೂರುವುದರಲ್ಲಿ ತಪ್ಪಿಲ್ಲ. ಇನ್ನೊಂದು ಕಡೆ, ಮಳೆಯಾಶ್ರಿತ ರೈತನಿಗೂ ತನ್ನ ಹೊಲದ ಮೇಲೆ ಬಿದ್ದ ಮಳೆಯಲ್ಲಿ ಹಕ್ಕಿದೆ, ಅವನಿಗೆ ಕೆರೆಯ ನೀರು ಎಂದೂ ಸಿಕ್ಕಿಲ್ಲ. ನನಗೆ ಸರಿ ಕಾಣುವುದು ಇದು: ಹೊಂಡಗಳು ಮಿತವಾದ ಅಳತೆಯಲ್ಲಿರಲಿ, ಕೋಡಿಗಳು ಕಾಲುವೆಗೇ ಸೇರಲಿ, ಇಡೀ ಜಲಾನಯನಕ್ಕೆ ಎಷ್ಟು ಹೊಂಡ ಎಂಬುದನ್ನು ಗ್ರಾಮಸಭೆ ಕೂತು ತೀರ್ಮಾನಿಸಲಿ. ಹೊಂಡ, ಬದು ಚೆನ್ನಾಗಿರುವ ಕಡೆ ಕೆರೆಗೆ ಬರುವ ಹೂಳೂ ಕಡಿಮೆ ಎಂಬುದನ್ನು ಮರೆಯಬಾರದು.

ಹೂಳು ತೆಗೆಯುವಾಗ ಏನು ಗಮನಿಸಬೇಕು?

ಏರಿಯ ಬುಡದಲ್ಲಿ ತೋಡಬೇಡಿ. ಕನಿಷ್ಠ ನಲವತ್ತು ಐವತ್ತು ಅಡಿ ಬಿಡಿ. ಹತ್ತಿರ ತೋಡಿದರೆ ಏರಿಯ ಕಾಲು ಸಡಿಲವಾಗಿ, ತುಂಬಿದ ವರ್ಷ ಒಡೆಯುತ್ತದೆ. ಗದ್ದೆಗೆ ನೀರು ಬಿಡುವ ತೂಬಿನ ಮಟ್ಟಕ್ಕಿಂತ ಕೆಳಗೆ ಬೇಕಾಬಿಟ್ಟಿ ಗುಂಡಿ ಮಾಡಿದರೆ ಆ ನೀರು ಗದ್ದೆಗೆ ಹರಿಯುವುದಿಲ್ಲ, ದನಕರುಗಳಿಗೆ ಮತ್ತು ಇಂಗಲು ಮಾತ್ರ ಒದಗುತ್ತದೆ. ಕೆರೆಯಂಗಳ ಗುಂಡಿ ಗುಂಡಿಯಾದರೆ ಸ್ನಾನಕ್ಕೆ ಇಳಿದವರ ಜೀವಕ್ಕೂ ಅಪಾಯ. ಸಮನಾಗಿ, ಏರಿಯ ಕಡೆಗೆ ಇಳಿಜಾರಾಗಿ ತೆಗೆಯಬೇಕು.

ಹೂಳು ಕಸವಲ್ಲ. ಬೇಸಿಗೆಯಲ್ಲಿ ಎತ್ತಿನ ಗಾಡಿ ಕಟ್ಟಿ ಗೋಡು, ಅಂದರೆ ಇದೇ ಹೂಳುಮಣ್ಣು, ಹೊಡೆಯುತ್ತಿದ್ದ ಕಾಲವನ್ನು ಅಜ್ಜ ಅಜ್ಜಿಯರು ಇನ್ನೂ ನೆನೆಯುತ್ತಾರೆ. ಒಂದು ಹೆಂಟೆ ಗೋಡನ್ನು ಕೈಯಲ್ಲಿ ಪುಡಿ ಮಾಡಿ ನೋಡಿ. ಹೊರಗೆ ಬೂದು, ಒಳಗೆ ಕಪ್ಪು, ಬೆರಳಿಗೆ ಬೆಣ್ಣೆಯಂತೆ ಅಂಟುತ್ತದೆ. ನೀರು ನಿಲ್ಲದ ಕೆಂಪು ಮರಳು ಹೊಲಕ್ಕೆ ಇದನ್ನು ಹರಡಿದರೆ ತೇವ ಹೆಚ್ಚು ದಿನ ಉಳಿಯುತ್ತದೆ. ಹಿಂದೆ ಹೂಳು ಹೊರುವ ಬಂಡಿಗಳ ನಿರ್ವಹಣೆಗೆಂದೇ ಭೂಮಿ ಬಿಟ್ಟ ಶಾಸನಗಳು ನಮ್ಮ ನಾಡಿನಲ್ಲಿವೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಬಿತ್ತುವಟ್ಟ, ಕೊಡಗೆ ಎಂಬ ದತ್ತಿಗಳು ಸಲ್ಲುತ್ತಿದ್ದವು.

ತೆಗೆಯುವ ಮೊದಲು ಅನುಮತಿ ಪಡೆಯಿರಿ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಯಡಿ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಯಡಿ ಬರುತ್ತವೆ.

ಏರಿಯ ಮೇಲಿನ ಗಿಡಗಳನ್ನು ಕಡಿಯಬೇಕೇ?

ಬಳ್ಳಾರಿ ಜಾಲಿಯನ್ನು ಚಿಕ್ಕದಿರುವಾಗಲೇ ಕಿತ್ತುಹಾಕಿ. ದೊಡ್ಡ ಮರದ ಬೇರು ಏರಿಯೊಳಗೆ ಹೋಗಿದ್ದರೆ ಒಮ್ಮೆಲೇ ಬುಡಮೇಲು ಮಾಡಬೇಡಿ. ಬೇರು ಕೊಳೆತ ಜಾಗವೇ ನೀರು ಸೋರುವ ಕೊಳವೆಯಾಗುತ್ತದೆ. ತಿಳಿದ ಎಂಜಿನಿಯರರನ್ನು ಕೇಳಿ, ಜೇಡಿಮಣ್ಣು ತುಂಬಿ ಗಟ್ಟಿ ಮಾಡುವ ಸಿದ್ಧತೆಯೊಂದಿಗೆ ತೆಗೆಯಿರಿ. ಏರಿಗೆ ಹುಲ್ಲಿನ ಹೊದಿಕೆ ಸಾಕು. ಹೆಗ್ಗಣ, ಏಡಿಯ ಬಿಲಗಳನ್ನು ಪ್ರತಿ ವರ್ಷ ನೋಡಿ ಮುಚ್ಚಿ.

ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಬರುತ್ತಿದೆಯಲ್ಲ, ಇನ್ನು ಮಳೆನೀರಿನ ಗೋಜು ಏಕೆ?

ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಎಷ್ಟೋ ವರ್ಷ ಒಣಗಿದ್ದ ಕೆರೆಗಳಲ್ಲಿ ನೀರು ನಿಂತಿದೆ, ಸುತ್ತಲಿನ ಬಾವಿಗಳಲ್ಲಿ ಜೀವ ಬಂದಿದೆ. ಆದರೆ ಅದು ಎರಡು ಹಂತ ಶುದ್ಧೀಕರಿಸಿದ ನಗರದ ಕೊಳಚೆ ನೀರು. ಕುಡಿಯಬಾರದು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಈ ಭಾಗದ ಹೋರಾಟಗಾರರು ಕೇಳುತ್ತಿರುವುದು ಸರಿಯಾಗಿದೆ. ಆ ನೀರು ಬಂದಿದೆ ಎಂದು ಮಳೆಯ ಕಾಲುವೆಗಳನ್ನು ಮರೆತರೆ ಕೆರೆಯ ನೀರನ್ನು ತಿಳಿಗೊಳಿಸುವ ಒಂದೇ ಮೂಲವನ್ನೂ ಕಳೆದುಕೊಳ್ಳುತ್ತೇವೆ.

ಮಲೆನಾಡು, ಕರಾವಳಿಯವರಿಗೂ ಇದು ಅನ್ವಯಿಸುತ್ತದೆಯೇ?

ಅಲ್ಲಿನ ಲೆಕ್ಕವೇ ಬೇರೆ. ಅವರಿಗೆ ಬೇಕಾದ್ದು ಗುಡ್ಡದ ಮೇಲೆ ನೀರು ತಡೆಯುವ ಇಂಗುಗುಂಡಿ, ಮದಕ (ಗುಡ್ಡದ ತಗ್ಗಿಗೆ ಏರಿ ಕಟ್ಟಿ ನೀರು ನಿಲ್ಲಿಸುವ ಕೆರೆ), ತೋಡಿಗೆ (ಸಣ್ಣ ಹಳ್ಳಕ್ಕೆ) ಬೇಸಿಗೆಯ ಮುಂಚೆ ಹಾಕುವ ಕಟ್ಟ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೆಗೆದರೆ ಭೂಕುಸಿತದ ಅಪಾಯವಿದೆ, ಎಚ್ಚರ.

ಊರಿನವರು ಸೇರುವುದಿಲ್ಲ. ಒಬ್ಬರೇ ಏನು ಮಾಡಲು ಸಾಧ್ಯ?

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಕುಂದಿನಿಬೆಟ್ಟದಲ್ಲಿ ಕುರಿಗಳಿಗೆ, ಹಕ್ಕಿಗಳಿಗೆ ನೀರಿಲ್ಲದ್ದನ್ನು ಕಂಡು ಕುರಿ ಮಾರಿದ ದುಡ್ಡಿನಲ್ಲಿ ಸಲಕರಣೆ ತಂದು ತೋಡಲು ಶುರು ಮಾಡಿದರು. ಹತ್ತಕ್ಕೂ ಹೆಚ್ಚು ಕಟ್ಟೆಗಳಾದವು. 2020ರಲ್ಲಿ ಪ್ರಧಾನಿ ಆಕಾಶವಾಣಿಯಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆ ಗೊತ್ತಾಯಿತು. 2022ರಲ್ಲಿ ಅವರು ತೀರಿಕೊಂಡರು.

ಎಲ್ಲರಿಗೂ ಅವರ ಬಲ ಇರುವುದಿಲ್ಲ. ನಿಮ್ಮ ಮನೆಯ ಚಾವಣಿಗೆ ಪೈಪು ಹಾಕಿಸಿ, ನಿಮ್ಮ ಬದು ಸರಿ ಮಾಡಿ. ಮುಂದಿನ ಬೇಸಿಗೆಯಲ್ಲಿ ಪಕ್ಕದ ಮನೆಯವರು ಬಂದು ನೋಡುತ್ತಾರೆ. ಊರು ಒಂದಾದ ಮೇಲೆ ಮೊದಲು ಮಾಡಬೇಕಾದ ಕೆಲಸ ನೀರಗಂಟಿಯನ್ನು ನೇಮಿಸುವುದು. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಏರಿಯ ಸೋರಿಕೆಯನ್ನು ಮೊದಲು ಕಾಣುವುದು ಅವನೇ. ಹಿಂದೆ ಅವನಿಗೆ ಸುಗ್ಗಿಯಲ್ಲಿ ಕಣದಲ್ಲೇ ಧಾನ್ಯ ಅಳೆದು ಕೊಡುತ್ತಿದ್ದರು. ಈಗ ಸಂಬಳವನ್ನು ನಿಶ್ಚಯಿಸಿ, ತಪ್ಪದೆ ಕೊಡಿ.

ಮಾಡಿದ ಕೆಲಸ ಫಲ ಕೊಡುತ್ತಿದೆ ಎಂದು ತಿಳಿಯುವುದು ಹೇಗೆ?

ಅಳತೆ ಮಾಡಿ ಬರೆದಿಡಿ. ಮಳೆಗೆ, ಬಾಯಿ ಮತ್ತು ತಳ ಒಂದೇ ಅಗಲ ಇರುವ ಡಬ್ಬಿಯನ್ನು ಮರ, ಗೋಡೆಗಳಿಂದ ದೂರ ಇಟ್ಟು ಬೆಳಗ್ಗೆ ಅಳತೆಪಟ್ಟಿ ಇಳಿಸಿದರೆ ಮಿಲಿಮೀಟರ್ ಸಿಗುತ್ತದೆ. ಹೊಂಡದ ಓರೆಯಲ್ಲಿ ಅಳತೆಯ ಗುರುತು ಬರೆಯಿರಿ. ತೆರೆದ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ ನೀರು ಎಷ್ಟು ಅಡಿಯಲ್ಲಿದೆ ಎಂದು ನೋಡಿ. ಇದಕ್ಕೆ ಶಾಲೆಯ ಮಕ್ಕಳಷ್ಟು ಒಳ್ಳೆಯ ಸಹಾಯಕರು ಇಲ್ಲ, ಮೇಷ್ಟರನ್ನು ಕೇಳಿ ಗೋಡೆಯ ಮೇಲೆ ಪಟ್ಟಿ ಬರೆಸಿ. ಬಾವಿ ಅಳೆಯುವ ದಿನ ಮಾತ್ರ ಬದಲಾಗದಿರಲಿ: ಪ್ರತಿ ಹುಣ್ಣಿಮೆಯ ಮಾರನೆಯ ಬೆಳಗ್ಗೆ, ಯಾರೂ ಪಂಪು ಹಾಕುವ ಮೊದಲು.